ಕುಕ್ಕರ್ ಅಲ್ರಿ, ಮಾಳಗಿ ಮ್ಯಾಲಿನ ಇಂಜಿನ್ನು

ಹೋದ ಐತವಾರ ಸಂಜಿಮುಂದ ಬಾಜೂ ಮನಿ ವೈನಿ ಗ್ವಾಡಿ ಮ್ಯಾಲಿಂದ ಇಣಿಕಿ ನೋಡಿ, "ಏನ್ರೀ, ಮಾಳಗಿ ಮ್ಯಾಲ ಕುಕ್ಕರ್ ಇಟ್ಟೀರೇನು? ಸುಂಯ್ ಅನ್ನಲಾಕತ್ತದಲ್ಲ, ಇಳಸ್ರಿ" ಅಂದ್ರು. ಅವರು ಈ ಓಣಿಗಿ ಬಂದು ಬರೇ ಎರಡು ತಿಂಗಳಾಗ್ಯದ, ಗೊತ್ತಿಲ್ಲ. ಹಳಬರಿಗೆಲ್ಲಾ ಗೊತ್ತದ, ಅದು ಕುಕ್ಕರ್ ಅಲ್ಲ, ನಮ್ಮ ಮಾವನವ್ರು ಮಾಡಿಟ್ಟು ಹೋದ ಉಗಿ ಇಂಜಿನ್ನು. ಒಂದು ಗೇಣಿಗಿಂತ ಚೂರು ಉದ್ದ ಅದ. ಹಳಿ ನಡುವಿನ ಅಂತರ ಒಂದೂಕಾಲು ಇಂಚು, ಅಂದ್ರ 32 ಮಿಲಿಮೀಟರ್. ಕರೆಂಟ್ ಇಲ್ಲ, ಸೆಲ್ ಇಲ್ಲ, ಕೀಲಿ ಕೊಡೋದೂ ಇಲ್ಲ. ನೀರು ಹಾಕಬೇಕು, ಕೆಳಗ ಸ್ಪಿರಿಟ್ ಬತ್ತಿ ಹಚ್ಚಬೇಕು, ಉಗಿ ಆದ ಮ್ಯಾಲ ಓಡತದ. ವಾಡಿ ಜಂಕ್ಷನ್ನಾಗ ಓಡತಿದ್ದವಲ್ಲ, ಖರೇ ಇಂಜಿನ್ನು, ಹಂಗೇ.

ವೈನಿಗಿ ನಾನು ನಕ್ಕೋತ ಹೇಳಿದೆ, "ನೀವು ಅಂದದ್ದೇನು ಸುಳ್ಳಲ್ರಿ, ಕುಕ್ಕರಿಗೂ ಇದಕ್ಕೂ ಮುತ್ಯಾ ಒಬ್ಬನೇ" ಅಂತ. ಅವರು ನಂಬಲಿಲ್ಲ. ಅದಕ್ಕ ಇದನ್ನ ಬರಿಲಾಕ ಕುಂತೀನಿ.

ಆ ಮುತ್ಯಾನ ಹೆಸರು ಡೆನಿ ಪಾಪಾಂ. ಫ್ರಾನ್ಸ್ ದೇಶದವ, ಲಂಡನ್ನಿಗಿ ಹೋಗಿ ಇದ್ದ. 1679ರಾಗ ಅವ ಒಂದು ಗಟ್ಟಿ ಪಾತ್ರಿ ಮಾಡಿದ, ಮುಚ್ಚಳ ಬಿಗಿ ಮಾಡಿ ಒಳಗಿನ ಉಗಿ ಹೊರಗ ಹೋಗದಂಗ. ಎಲುಬು ಸೈತ ಅದರಾಗ ಮೆತ್ತಗ ಬೇಯತಿದ್ದುವಂತ. 1682ರಾಗ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರಿಗೆಲ್ಲಾ ಅದರಾಗೇ ಅಡಗಿ ಮಾಡಿ ಊಟಕ್ಕ ಹಾಕಿದ್ದ. ಆದ್ರ ಉಗಿ ಒಳಗ ಕೂಡಿಬಿದ್ರ ಪಾತ್ರಿ ಒಡಿತದ. ಅದಕ್ಕ ಮುಚ್ಚಳದಾಗ ಒಂದು ತೂತು ಮಾಡಿ, ಅದರ ಮ್ಯಾಲ ಒಂದು ಸನ್ನಿಗೋಲು, ಅದರ ತುದಿಗಿ ಭಾರ ಇಟ್ಟ. ಉಗಿ ಜಾಸ್ತಿ ಆದ್ರ ಭಾರ ಎತ್ತಿ ಹೊರಗ ಹೋಗತದ. ನಮ್ಮ ಕುಕ್ಕರಿನ ಮ್ಯಾಲ ಕುಣಿತದಲ್ಲ ಆ ಗುಂಡು, ಅದೇ ಇದು. ಇನ್ನ ಹನ್ನೊಂದು ವರ್ಷ ಬಿಟ್ಟು, 1690ರಾಗ, ಅದೇ ಪಾಪಾಂ ಒಂದು ಕೊಳವಿ, ಅದರೊಳಗ ಮ್ಯಾಲ ಕೆಳಗ ಆಡೋ ಪಿಸ್ಟನ್ನು, ಅದನ್ನ ಉಗಿಲೆ ಎತ್ತಬಹುದು ಅಂತ ಬರೆದಿಟ್ಟ. ಇಂಜಿನ್ನಿನ ಬೀಜ ಅಲ್ಲದ. ಮೊದಲ ಬ್ಯಾಳಿ ಕುದಿಸೋ ಪಾತ್ರಿ, ಆಮ್ಯಾಲ ಇಂಜಿನ್ನು. ಇದನ್ನ ನಮ್ಮ ಮಾವನವ್ರಿಗಿ ಹೇಳಿದಾಗ ಅವರಿಗಿ ಸ್ವಲ್ಪ ಬ್ಯಾಸರ ಆಗಿತ್ತು. ಅತ್ತಿಯವ್ರು ಮಾತ್ರ ಭಾಳ ಖುಷಿಪಟ್ರು.

ಮಾವನವ್ರದು ವಾಡಿ ಹತ್ರ ಹಳ್ಳಿ. ಅವರ ಸೋದರಮಾವ ರೈಲ್ವೆದಾಗ ಗ್ಯಾಂಗ್‌ಮನ್ ಇದ್ರು. ಸಣ್ಣವರಿದ್ದಾಗ ಸೂಟಿ ಬಂದ್ರ ಸಾಕು, ಜಂಕ್ಷನ್ನಿಗಿ ಹೋಗಿ ಇಂಜಿನ್ನಿಗಿ ನೀರು ತುಂಬೋದು ನೋಡ್ಕೋತ ನಿಂದ್ರತಿದ್ರಂತ. ನಮ್ಮ ಕಡಿ ರೈಲು ಭಾಳ ಹಳೇದು, ಕೇಳ್ರಿ. ದೇಶದ ಮೊದಲನೇ ಪ್ರಯಾಣಿಕರ ಗಾಡಿ ಮುಂಬಯಿಯಿಂದ ಠಾಣೆಕ್ಕ ಹೋದದ್ದು 1853ರ ಏಪ್ರಿಲ್ 16ಕ್ಕ. 34 ಕಿಲೋಮೀಟರ್, ಮೂರು ಇಂಜಿನ್ನು: ಸಾಹಿಬ್, ಸಿಂಧ್, ಸುಲ್ತಾನ್. ಅದಾಗಿ ಹದಿನೆಂಟೇ ವರ್ಷಕ್ಕ, 1871ರಾಗ, ಮುಂಬಯಿ ಕಡಿಂದ ಬಂದ ಹಳಿ ಮತ್ತ ಮದ್ರಾಸ್ ಕಡಿಂದ ಬಂದ ಹಳಿ ರಾಯಚೂರಾಗ ಕೂಡಿದ್ವು. ಕಲಬುರಗಿ, ವಾಡಿ, ಯಾದಗಿರಿ ಎಲ್ಲಾ ಆ ದಾರಿ ಮ್ಯಾಲಿನವು. 1874ರಾಗ ನಿಜಾಮರು ವಾಡಿಯಿಂದ ಸಿಕಂದರಾಬಾದಿಗಿ ಬ್ಯಾರೆ ಹಳಿ ಹಾಕಿಸಿದ್ರು, ಅಲ್ಲಿಂದ ವಾಡಿ ಜಂಕ್ಷನ್ ಆಯ್ತು.

ಆದ್ರ ನಮ್ಮ ಶಹಾಪುರ, ಸುರಪುರ? ಹಳಿ ಮೂಡಣಕ್ಕೇ ಹಾದುಹೋಯ್ತು, ನಾವು ಪಡುವಣಕ್ಕ ಉಳದಿವಿ. ನೂರೈವತ್ತು ವರ್ಷ ಆದ್ರೂ ರೈಲು ಹತ್ತಬೇಕಂದ್ರ ಬಸ್ಸಿಗಿ ಯಾದಗಿರಿಗಿ ಹೋಗಬೇಕು. ಗದಗ–ವಾಡಿ ಹೊಸ ಲೈನು ಸುರಪುರ, ಶಹಾಪುರದ ಮ್ಯಾಲೇ ಬರತದ ಅಂತ ಕೇಳಿ ಕೇಳಿ ನಮ್ಮ ಹುಡುಗರು ದೊಡ್ಡವರಾಗ್ಯಾರ. ಬರ್ಲಿ, ಬಂದಾಗ ಆರತಿ ಹಿಡಕೊಂಡು ಹೋಗೂಣು.

ಮಾವನವ್ರು ಡ್ಯಾಮಿನ ಕೆಲಸಕ್ಕ ನಾರಾಯಣಪುರಕ್ಕ ಬಂದವರು. ಬಸವಸಾಗರ 1982ಕ್ಕ ಮುಗದದ್ದು ನಿಮಗೆಲ್ಲಾ ಗೊತ್ತದ. ಅವರು ಫಿಟ್ಟರ್, ಕೈ ಭಾಳ ಸೂಕ್ಷ್ಮ. ಡ್ಯೂಟಿ ಇರೋತನಕ ಇಂಜಿನ್ನಿನ ಸುದ್ದಿ ಬಾಯಾಗಷ್ಟೇ ಇತ್ತು. 2003ರಾಗ ರಿಟೈರ್ ಆದ್ರು ನೋಡ್ರಿ, ಮರುವರ್ಷ ತಿಂಥಣಿ ಮೌನೇಶ್ವರ ಜಾತ್ರಿಗಿ ಹೋಗಿ ನನ್ನ ಮಗನಿಗಿ ಒಂದು ತಗಡಿನ ಫಟ್‌ಫಟ್ ದೋಣಿ ತಂದ್ರು. ನೀವೂ ಆಡೀರಿ ಅದನ್ನ. ಒಳಗ ಎಣ್ಣಿ ಬತ್ತಿ ಹಚ್ಚಿ ಬುಟ್ಟಿ ನೀರಾಗ ಬಿಟ್ರ ಫಟ್‌ಫಟ್ ಅಂತ ಸುತ್ತತದ. ಅದನ್ನ ತೋಮಾಸ್ ಪಿಯೋ ಅನ್ನೋ ಫ್ರಾನ್ಸಿನವ 1891ರಾಗ ಪೇಟೆಂಟ್ ಮಾಡಿಸಿದ್ದ ಅಂತ ನಾನು ಆಮ್ಯಾಲ ಓದಿದೆ. ಹುಡುಗ ಎರಡು ದಿನ ಆಡಿ ಒಗದ. ಮುತ್ಯಾ ಮಾತ್ರ ಬಿಡಲಿಲ್ಲ. ಅದನ್ನ ಕೊಯ್ದು, ಒಳಗ ಏನದ, ಹ್ಯಾಂಗ ನಡಿತದ ಅಂತ ಚಹಾ ಆರಿಸ್ಕೋತ ನೋಡತಿದ್ರು. ಒಂದು ವಾರಕ್ಕ "ತಂಗಿ, ನಾ ಒಂದು ಇಂಜಿನ್ ಮಾಡ್ತೀನಿ" ಅಂದ್ರು ನನಗ.

ಇಲ್ಲಿ ಒಂದು ಮಾತು. ಇದು ಮುದುಕರ ಹುಚ್ಚು, ಹುಡುಗರ ಆಟ ಅಂತ ನಾವು ಅಂದುಕೋತೀವಿ. ಆದ್ರ ಲೋಕದಾಗ ಆಟಿಕಿ ಇಂಜಿನ್ನೇ ಮೊದಲ ಹುಟ್ಟೇದ. 1784ರಾಗ ವಿಲಿಯಂ ಮರ್ಡಾಕ್ ಅನ್ನೋವ ಇಂಗ್ಲೆಂಡಿನ ರೆಡ್‌ರುತ್ ಊರಾಗ ತನ್ನ ಮನಿ ಪಡಸಾಲ್ಯಾಗ ಸಣ್ಣ ಉಗಿಗಾಡಿ ಓಡಿಸಿದ್ದ. ಹಳಿ ಮ್ಯಾಲ ದೊಡ್ಡ ಇಂಜಿನ್ನು ಭಾರ ಎಳದದ್ದು ಅದಕ್ಕ ಇಪ್ಪತ್ತು ವರ್ಷ ಬಿಟ್ಟು, 1804ರ ಫೆಬ್ರವರಿ 21ಕ್ಕ. ಅದನ್ನ ಮಾಡಿದವ ರಿಚರ್ಡ್ ಟ್ರೆವಿಥಿಕ್. ಹತ್ತು ಟನ್ ಕಬ್ಬಿಣ, ಮ್ಯಾಲ ಎಪ್ಪತ್ತು ಮಂದಿ, ನಾಕು ತಾಸಿನ ದಾರಿ. ಭಾರಕ್ಕ ಹಳೀನೇ ಮುರದ್ವು ಅದು ಬ್ಯಾರೆ.

ಈ ಟ್ರೆವಿಥಿಕ್‌ನ ಕತಿ ನಮ್ಮ ಮಂದಿಗಿ ಹೇಳಲೇಬೇಕು. ದೊಡ್ಡ ಇಂಜಿನ್ನಿಗಿ ಮೊದಲ ಅವ ಒಂದು ಸಣ್ಣ ಮಾದರಿ ಮಾಡಿದ್ದ, 1797ರ ಆಸುಪಾಸು. ಅದನ್ನ ಮೊದಲ ಸಲ ನಡಿಸಿದ್ದು ಎಲ್ಲಿ? ಅವನ ಅಡಗಿಮನ್ಯಾಗ, ಟೇಬಲ್ಲಿನ ಮ್ಯಾಲ. ನೋಡಲಾಕ ಆ ಊರಿನ ದೊಡ್ಡ ಮಂದಿ ಬಂದಿದ್ರು. ಒಬ್ಬ ಪಂಡಿತ ತಿದಿ ಊದಿದ್ನಂತ. ಉಗಿ ಬಿಡೋ ನಳ ತಿರುವಿದವಳು ಡನ್‌ಸ್ಟನ್‌ವಿಲ್ ಮನೆತನದ ಗೌಡಸಾನಿ. ಇದನ್ನೆಲ್ಲಾ ನೆನಪಿಟ್ಟು ಹೇಳಿದವಳು ಟ್ರೆವಿಥಿಕ್‌ನ ಹೆಂಡತಿ ಜೇನ್, ಆಮ್ಯಾಲ ಮಗ ಅಪ್ಪನ ಚರಿತ್ರಿ ಬರಿವಾಗ ಅದರಾಗ ಸೇರಿಸಿದ. ಅಡಗಿಮನಿ ಅವಳದು, ಟೇಬಲ್ಲೂ ಅವಳದೇ. ಅವತ್ತು ಊಟ ಎಷ್ಟೊತ್ತಿಗಿ ಆಯ್ತೋ ಏನೋ, ಅದನ್ನ ಮಾತ್ರ ಯಾರೂ ಬರದಿಲ್ಲ.

ನಮ್ಮ ಮನ್ಯಾಗೂ ಹಂಗೇ. ಮಾವನವ್ರ ಮೊದಲನೇ ಇಂಜಿನ್ನು ಹುಟ್ಟಿದ್ದು ನಮ್ಮ ಅಡಗಿಮನಿ ಕಟ್ಟಿ ಮ್ಯಾಲ. ಹಿತ್ತಾಳಿ ಕೊಳವಿಯ ಬಾಯ್ಲರು, ಎರಡೂ ಬದಿ ಮುಚ್ಚಿ ಸೀಸದ ಬೆಸುಗಿ. ಒಂದೇ ಒಂದು ಸಿಲಿಂಡರು, ಅದು ತೊಟ್ಟಿಲ ತೂಗಿದಂಗ ತೂಗತದ. ಒಂದು ಕಡಿ ವಾಲಿದಾಗ ಅದರ ತೂತು ಉಗಿ ಬರೋ ತೂತಿಗಿ ಕೂಡತದ, ಇನ್ನೊಂದು ಕಡಿ ವಾಲಿದಾಗ ಉಗಿ ಹೊರಗ ಹೋಗೋ ತೂತಿಗಿ. ಬ್ಯಾರೆ ವಾಲ್ವ್ ಬ್ಯಾಡ. ಇಷ್ಟು ಸರಳ ಇದ್ರೂ ಅದು ನಡಿಲಾಕ ಮೂರು ತಿಂಗಳ ಹಿಡಿತು. ಸಿಲಿಂಡರಿನ ಮುಖ ಮತ್ತ ಅದು ಒರಗೋ ಪಟ್ಟಿ ಕನ್ನಡಿಯಂಗ ಸಾಪ ಇರಬೇಕು, ಇಲ್ಲಂದ್ರ ಉಗಿ ಸೋರತದ. ಗಾಜಿನ ಮ್ಯಾಲ ಪಾಲಿಶ್ ಕಾಗದ ಇಟ್ಟು ಎಣ್ಣಿ ಹಚ್ಚಿ ಒಂದೇ ಸಮ ತಿಕ್ಕತಿದ್ರು. ಸ್ಪ್ರಿಂಗ್ ಬಿಗಿ ಆದ್ರ ಗಾಲಿ ತಿರಗೂದಿಲ್ಲ, ಸಡಲ ಆದ್ರ ಉಗಿ ನಿಲ್ಲೂದಿಲ್ಲ. ಕಡಿಗಿ ಬಾಲ್‌ಪೆನ್ನಿನ ಸ್ಪ್ರಿಂಗು ಕೂಡಿತು.

ನಡದ ದಿನ ಫರಸಿ ಮ್ಯಾಲೆಲ್ಲಾ ನೀರು, ಎಣ್ಣಿ. ಅತ್ತಿಯವ್ರು ಅರಿವಿ ತಗೊಂಡು ಅದರ ಹಿಂದ ಹಿಂದೇ ಒರಸ್ಕೋತ ಹೋಗಿದ್ದು ನನಗ ಇನ್ನೂ ಕಣ್ಣಾಗದ. ಆವಾಗ ನನಗ ಗೊತ್ತಿರಲಿಲ್ಲ, ಇಂಗ್ಲೆಂಡಿನಾಗ ನೂರೈವತ್ತು ವರ್ಷದ ಹಿಂದ ಬರತಿದ್ದ ಹಿತ್ತಾಳಿ ಆಟಿಕಿ ಇಂಜಿನ್ನುಗಳಿಗಿ "ಬರ್ಮಿಂಗ್‌ಹ್ಯಾಂ ಡ್ರಿಬ್ಲರ್" ಅಂತಿದ್ರು. ಡ್ರಿಬ್ಲರ್ ಅಂದ್ರ ಜೊಲ್ಲು ಸುರಸೋದು. ಹಳಿ ಇಲ್ಲ, ನೆಲದ ಮ್ಯಾಲೇ ಓಡೋದು, ಓಡಿದಲ್ಲೆಲ್ಲಾ ನೀರು ಸುರಸೋದು, ಮೂಲಿಗಿ ಬಡದು ಮಗಚಿಬಿದ್ರ ಸ್ಪಿರಿಟ್ ಚೆಲ್ಲಿ ಜಮಖಾನಕ್ಕ ಉರಿ ಹತ್ತೋದು. ಆ ಕಾಲದ ಹೆಂಗಸರು ಎಷ್ಟು ಅರಿವಿ ಹಾಳು ಮಾಡ್ಕೊಂಡಾರೋ!

ಇದಕ್ಕ ಹಳಿ ಹಾಕಿ, ಆಟಿಕಿ ರೈಲು ಅಂದ್ರ ಗಾಡಿ ಒಂದೇ ಅಲ್ಲ, ಹಳಿ, ಸ್ಟೇಷನ್ನು, ಡಬ್ಬಿ ಎಲ್ಲಾ ಕೂಡಿದ್ದು ಅಂತ ಮಾಡಿದವರು ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು. 1891ರಾಗ ಲೈಪ್‌ಜಿಗ್ ಜಾತ್ರ್ಯಾಗ ಎಂಟರ ಆಕಾರದ ಹಳಿ ಹಾಕಿ ತೋರಿಸಿದ್ರು. ಹಳಿ ಇಷ್ಟೇ ಅಗಲ ಇರಬೇಕು ಅಂತ ಅಳತಿ ಗೊತ್ತುಮಾಡಿದ್ರು. ಅದಕ್ಕ ಮುಂಚೆ ಆ ಕಂಪನಿ ಏನು ಮಾಡತಿತ್ತು ಗೊತ್ತೇನು? ಗೊಂಬಿ ಅಡಗಿಮನಿ. ತಗಡಿನ ಸಣ್ಣ ಸಣ್ಣ ಒಲಿ, ಪಾತ್ರಿ, ತಾಟು, ಹುಡಿಗೇರು ಆಡೋವು. 1859ರಾಗ ಶುರು ಆದದ್ದು. ಯಜಮಾನ ಏಳು ವರ್ಷಕ್ಕ ತೀರಿಹೋದ. ಅವನ ಹೆಂಡತಿ ಕ್ಯಾರೊಲಿನ್ ಮಾದರಿ ಸಾಮಾನು ತಗೊಂಡು ಊರೂರು ತಿರುಗಿ ಮಾರತಿದ್ದಳು, ಹೆಂಗಸರು ಹಂಗ ವ್ಯಾಪಾರಕ್ಕ ಹೊರಗ ಹೋಗದ ಕಾಲ ಅದು. ಇಪ್ಪತ್ತು ವರ್ಷಕ್ಕ ಮ್ಯಾಲ ಅಕೀನೇ ಅಂಗಡಿ ಹಿಡದು ನಿಲ್ಲಿಸಿ, 1888ರಾಗ ಮಕ್ಕಳ ಕೈಗಿ ಕೊಟ್ಟಳು. ಮಕ್ಕಳು ರೈಲು ಮಾಡಿ ಹೆಸರಾದ್ರು. ಅಕಿ ಅಂಗಡಿ ಉಳಿಸಿರಲಿಲ್ಲಂದ್ರ ಯಾವ ರೈಲು?

ನಮ್ಮಲ್ಲೂ ಹಳಿ ಬಂತು, ಮಾಳಗಿ ಮ್ಯಾಲ. ಕಟಗಿ ಪಟ್ಟಿಗಿ ಗರಗಸಲೆ ಗೀರು ಹಾಕಿ, ಅದರಾಗ ಉಕ್ಕಿನ ಪಟ್ಟಿ ನಿಲ್ಲಿಸಿ ಮಾವನವ್ರೇ ಮಾಡಿದ್ದು. ಒಂದು ಸುತ್ತು ಅಂದ್ರ ಸುಮಾರು ಅರವತ್ತು ಅಡಿ. ನಾಕು ಸ್ಟೇಷನ್ನು. ನಾನು ಅಂದ್ಕೊಂಡಿದ್ದೆ ವಾಡಿ, ಯಾದಗಿರಿ, ಕೃಷ್ಣಾ, ರಾಯಚೂರು ಅಂತ ಇಡತಾರ ಅಂತ. ಅವರು ಹಲಗಿ ಮ್ಯಾಲ ಬಿಳಿ ಬಣ್ಣಲೆ ಬರದ್ರು: ವಾಡಿ, ಶಹಾಪುರ, ಸುರಪುರ, ನಾರಾಯಣಪುರ. "ಇದು ಎಲ್ಲಿ ಲೈನು ಮಾವಾ?" ಅಂದೆ. "ಇಲ್ಲೇ ನಮ್ಮ ಮಾಳಗಿ ಮ್ಯಾಲ" ಅಂದ್ರು.

ಈಗ ಆ ದಿನದ ಮಾತು. 2006, ಕಾರ ಹುಣ್ಣಿವಿ ಮರುದಿನ. ಇಂಜಿನ್ನು ನಾಕನೇ ಸುತ್ತಿನಾಗಿತ್ತು. ಮಾವನವ್ರು ಒಳ್ಳೆ ಓಡಲಾಕತ್ತದ ಅಂತ ನಡುವ ಮತ್ತ ಸ್ಪಿರಿಟ್ ಹಾಕಿದ್ರು. ನೀರು ನೋಡಲಿಲ್ಲ. ನೀರು ಆರಿತ್ತು. ನಾವು ದಿನಾ ನೋಡೋದೇ, ಪಾತ್ರ್ಯಾಗ ನೀರು ಇರೋತನಕ ತಳ ಸೀಯೂದಿಲ್ಲ, ನೀರು ಮುಗೀತೋ ಗಳಿಗ್ಯಾಗ ಕರ್ರಗ. ಬಾಯ್ಲರಿಗೂ ಅದೇ ನಿಯಮ. ಒಂದು ಕೆಜಿ ಒತ್ತಡದಾಗ ಒಳಗಿನ ನೀರು 120 ಡಿಗ್ರಿ ಕಾವಿರತದ, ನಮ್ಮ ಕುಕ್ಕರಿನಷ್ಟೇ. ಸೀಸದ ಬೆಸುಗಿ ಕರಗೋದು 180 ದಾಟಿದ ಮ್ಯಾಲ. ನೀರು ಇದ್ರ ಬೆಸುಗಿಗಿ ಧಕ್ಕಿ ಇಲ್ಲ. ನೀರು ಆರಿದ ಮ್ಯಾಲ ಉರಿ ಕಾವೆಲ್ಲಾ ಹಿತ್ತಾಳಿಗೇ. ಬೆಸುಗಿ ಬಿಟ್ಟು ಹಿಂದಿನ ಮುಚ್ಚಳ ಫಟ್ ಅಂತ ಹಾರಿತು, ಉಳದ ಉಗಿ ಮಾವನವ್ರ ಮಣಿಕಟ್ಟಿನ ಮ್ಯಾಲ ಬಂತು, ಉರಿಯೋ ಸ್ಪಿರಿಟ್ ಚೆಲ್ಲಿತು. ನನ್ನ ಮಗ ನಾಕು ವರ್ಷದವ, ಎರಡು ಮಾರು ದೂರ ಕುಂತಿದ್ದ. ಅವನ ಅಂಗಿ ತುದಿಗಿ ಸಣ್ಣ ನೀಲಿ ಉರಿ ಹತ್ತಿತ್ತು. ಸ್ಪಿರಿಟ್ಟಿನ ಉರಿ ಬಿಸಲಾಗ ಕಾಣೂದಿಲ್ರಿ, ಅದು ಭಾಳ ಕೆಟ್ಟ. ಅತ್ತಿಯವ್ರು ಒಣ ಹಾಕಿದ್ದ ಹಸಿ ಧೋತರ ತಂದು ಅವನ ಮ್ಯಾಲ ಹಾಕಿ ಒತ್ತಿದ್ರು. ಹುಡುಗನಿಗಿ ಏನೂ ಆಗಲಿಲ್ಲ.

ಅತ್ತಿಯವ್ರು ಬೈಲಿಲ್ಲ. ಇಂಜಿನ್ನು ಆರಿದ ಮ್ಯಾಲ ಸೆರಗಿನ್ಯಾಗ ಹಿಡಕೊಂಡು ಕೆಳಗ ಒಯ್ದು ತಮ್ಮ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕಿದ್ರು. ಕೀಲಿ ಕೊಳ್ಳಾಗ. ಎರಡು ವರ್ಷ. ಆ ಎರಡು ವರ್ಷ ಗಂಡ ಹೆಂಡತಿ ನಡುವ ಬೇಕಾದಷ್ಟು ಮಾತಷ್ಟೇ. ಮಾವನವ್ರ ಮಣಿಕಟ್ಟಿನ ಕಲಿ ಹೋಗಲೇ ಇಲ್ಲ.

ನಾನು ಆವಾಗ ಓದಲಾಕ ಶುರು ಮಾಡಿದ್ದು. ಏನು ತಪ್ಪಾತು ಅಂತ ಗೊತ್ತಾಗಬೇಕಿತ್ತು. ಓದಿದ್ರ, ದೊಡ್ಡ ಇಂಜಿನ್ನಿನವರೂ ಇದೇ ತಪ್ಪು ಮಾಡ್ಯಾರ. 1803ರಾಗ ಗ್ರೀನಿಚ್‌ನಾಗ ಟ್ರೆವಿಥಿಕ್‌ನ ಒಂದು ಬಾಯ್ಲರ್ ಸಿಡದು ನಾಕು ಮಂದಿ ಸತ್ರು. ಅದನ್ನ ನೋಡ್ಕೊಳ್ಳಾಕ ಬಿಟ್ಟ ಹುಡುಗ ಮೀನ ಹಿಡಿಲಾಕ ಹೋಗಿದ್ನಂತ. ಅವತ್ತಿನಿಂದ ಟ್ರೆವಿಥಿಕ್ ಎರಡು ಸೇಫ್ಟಿ ವಾಲ್ವ್ ಇಡತಿದ್ದ, ಮತ್ತ ಬಾಯ್ಲರಿನಾಗ ಒಂದು ಸೀಸದ ಬಿರಡಿ ಜಡಿತಿದ್ದ. ನೀರು ಕೆಳಗಿಳದ್ರ ಸೀಸ ಕರಗಿ ತೂತಾಗಿ ಉಗಿ ಹೊರಗ ಹೋಗತದ, ಬಾಯ್ಲರ್ ಉಳಿತದ. ನಿಮ್ಮ ಕುಕ್ಕರ್ ಮುಚ್ಚಳ ತಗದು ನೋಡ್ರಿ, ಬದಿಗಿ ಒಂದು ಸಣ್ಣ ಸೇಫ್ಟಿ ಪ್ಲಗ್ ಅದ, ಅಂಗಡ್ಯಾಗ ಬ್ಯಾರೆ ಮಾರತಾರ. ಭಾಳ ಕುಕ್ಕರಿನ್ಯಾಗ ಅದರ ನಡುವ ಕರಗೋ ಲೋಹನೇ ಇರತದ. ನೀರು ಹಾಕದೆ ಮರತು ಇಟ್ರ ಅದು ಹೋಗತದ, ನಾವು ಉಳಿತೀವಿ.

ಇನ್ನೊಂದು ಓದಿ ನನಗ ಮೈ ಝುಮ್ ಅಂತು. ಅಮೇರಿಕದಾಗ "ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್‌ಸ್ಟನ್" ಅಂತ ಒಂದು ಇಂಜಿನ್ನಿತ್ತು. 1831ರ ಜೂನಿನಾಗ ಅದರ ಬೆಂಕಿ ನೋಡ್ಕೊಳ್ಳೋವನಿಗಿ ವಾಲ್ವಿನ ಸುಂಯ್ ಸಪ್ಪಳ ಕಿರಿಕಿರಿ ಆಗಿ, ಅದನ್ನ ಒತ್ತಿ ಮುಚ್ಚಿಟ್ಟ. ಬಾಯ್ಲರ್ ಸಿಡಿತು, ಅವ ಸತ್ತ. ಕುಕ್ಕರಿನ ಸೀಟಿ ಮ್ಯಾಲ ಚಮಚ ಒತ್ತಿ ಹಿಡಿಯೋರು ನಮ್ಮ ಓಣ್ಯಾಗೂ ಒಬ್ರು ಇದ್ದಾರ, ಅವರು ಇದನ್ನ ಓದತಿದ್ರ ದಯಮಾಡಿ ಬಿಡ್ರಿ. ಹಿಂಗ ಡ್ರೈವರುಗಳು ವಾಲ್ವ್ ಬಿಗಿ ಮಾಡೋದು ಎಷ್ಟಾಗಿತ್ತಂದ್ರ, 1850ರ ದಶಕದಾಗ ಜಾನ್ ರ‍್ಯಾಮ್ಸ್‌ಬಾಟಮ್ ಅನ್ನೋ ಇಂಜಿನಿಯರ್ ಜೋಡಿ ವಾಲ್ವ್ ಮಾಡಿದ, ಒಂದನ್ನ ಒತ್ತಿದ್ರ ಇನ್ನೊಂದು ತೆರಿತದ.

ಈ ಕತಿಗಳನ್ನ ನಾನು ರೊಟ್ಟಿ ಬಡಿವಾಗ ಅತ್ತಿಯವ್ರಿಗಿ ಹೇಳತಿದ್ದೆ. ಅವರು ಹೂಂ ಅನ್ನತಿದ್ರು, ಅಷ್ಟೇ. 2008ರ ದೀಪಾವಳಿ ಮುಂದ ಒಂದಿನ ಅಟ್ಟದ ಮ್ಯಾಲಿಂದ ತಮ್ಮ ತವರಮನಿ ಹಂಡೆದ ತಾಮ್ರದ ಮುಚ್ಚಳ ಇಳಿಸಿ ಮಾವನವ್ರ ಮುಂದ ಇಟ್ರು. ಹಂಡೆ ಯಾವಾಗೋ ತೂತುಬಿದ್ದು ಹೋಗಿತ್ತು, ಮುಚ್ಚಳ ಇಟ್ಟುಕೊಂಡಿದ್ರು. "ಇದು ದಪ್ಪದ. ಇದರಾಗ ಮಾಡ್ರಿ. ಬೆಸುಗಿ ನೀವು ಹಾಕಬ್ಯಾಡ್ರಿ, ಪತ್ತಾರನ ಕೈಲೆ ಹಾಕಸ್ರಿ. ನೀರು ನಾ ಹಾಕತೀನಿ" ಅಂದ್ರು. ಮಾವನವ್ರು ಭಾಳೊತ್ತು ಮಾತಾಡಲಿಲ್ಲ. ಆಮ್ಯಾಲ ಮುಚ್ಚಳ ತಿರುವಿ ಗೆಣ್ಣಿಲೆ ಬಡದು ನೋಡಿದ್ರು.

ಪತ್ತಾರನ ಮಾತು ಹ್ಯಾಂಗ ಹೊಳಿತು ಅಂತ ಕೇಳಿದೆ. "ನನ್ನ ಕಾಲುಂಗರ ಒಲಿ ಮುಂದ ಮೂವತ್ತು ವರ್ಷ ಕಾದಾವ, ಬೆಸುಗಿ ಬಿಟ್ಟಾದೇನು?" ಅಂದ್ರು. ಖರೇನ ಅದ. ಬಾಯ್ಲರ್ ಮಾಡೋರು ಎಲ್ಲಾ ಕಡಿ ಬೆಳ್ಳಿ ಬೆಸುಗೀನೇ ಹಾಕೋದು, ಅದು 600 ಡಿಗ್ರಿ ದಾಟಿದ ಮ್ಯಾಲ ಕರಗತದ. ಪತ್ತಾರ ಮೊದಲ ನಕ್ಕ, ಆಮ್ಯಾಲ ಎರಡು ದಿನ ಅದರ ಮ್ಯಾಲೇ ಕುಂತ. ಸಿಲಿಂಡರಿನಂಗ ದುಂಡಗಿನ ಮೈಗಿ ತಾಮ್ರದ ಪೈಪು, ಎರಡೂ ಬದಿಗಿ ಹಂಡೆ ಮುಚ್ಚಳದ ತಾಮ್ರ. ಅಂಚು ಮಡಚಿ ಕೂಡಿಸಿದ್ದು, ಬರೇ ಒತ್ತಿ ಇಟ್ಟದ್ದಲ್ಲ.

ಉರಿ ಹಚ್ಚೋಕಿಂತ ಮೊದಲ ಪರೀಕ್ಷಾ. ಇದು ಖರೇ ಇಂಜಿನ್ನಿಗೂ ಮಾಡತಿದ್ದ ಪದ್ಧತಿ. ಬಾಯ್ಲರ್ ತುಂಬಾ ತಣ್ಣೀರು ತುಂಬಿ, ಒಂದು ಗುಳ್ಳಿ ಗಾಳಿ ಇಲ್ಲದಂಗ, ಹೊಲಕ್ಕ ಎಣ್ಣಿ ಹೊಡಿಯೋ ಪಂಪಿಗಿ ಜೋಡಿಸಿ ಒತ್ತಿದ್ರು. ಒಂದು ಕೆಜಿಗಿ ನಡಿಯೋ ಬಾಯ್ಲರಿಗಿ ಎರಡು ಕೆಜಿ ಮ್ಯಾಲ ಒತ್ತಿ ಅರ್ಧ ತಾಸು ಬಿಡಬೇಕು. ತಣ್ಣೀರು ಯಾಕಂದ್ರ, ಒಡದ್ರ ಚಿರ್ರ್ ಅಂತ ಹನಿ ಬಂದು ನಿಲ್ಲತದ. ಉಗಿ ಹಂಗಲ್ಲ. ಒಂದು ಲೋಟ ನೀರು ಉಗಿ ಆದ್ರ ಸಾವಿರದಾರುನೂರು ಲೋಟದಷ್ಟು ಜಾಗ ಬೇಡತದ. ನಮ್ಮದು ಒಂದು ಹನಿ ಸೋರಲಿಲ್ಲ.

ಇನ್ನ ಅತ್ತಿಯವ್ರ ನಿಯಮ. ಕೆಮ್ಮಿನ ಔಷಧಿ ಬಾಟ್ಲಿ ಮುಚ್ಚಳ ಇರತದಲ್ಲ, ಹತ್ತು ಎಂಎಲ್‌ದು, ಅದೇ ಅಳತಿ. ನೀರು ಹನ್ನೆರಡು ಮುಚ್ಚಳ, ಸ್ಪಿರಿಟ್ ಮೂರೇ ಮುಚ್ಚಳ. ಮೂರು ಮುಚ್ಚಳ ಉರದು ಆರೋವಾಗ ಒಳಗ ಇನ್ನೂ ಮೂರ್ನಾಕು ಮುಚ್ಚಳ ನೀರು ಇರತದ. ಉರಿ ಮೊದಲ ಆರಬೇಕು, ನೀರು ಆಮ್ಯಾಲ. ಓಡೋವಾಗ ನಡುವ ಸ್ಪಿರಿಟ್ ಹಾಕಂಗಿಲ್ಲ, ಮಗ ಹೇಳ್ಲಿ, ಮುತ್ಯಾ ಹೇಳ್ಲಿ. ಅವರಿಗಿ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ, ಅಂಬಲಿ ಕಾಸಿ ಕಾಸಿ ಬಂದ ಲೆಕ್ಕ. ಆಮ್ಯಾಲ ನಾನು ಓದಿದೆ, ಸ್ಪಿರಿಟ್ ಇಂಜಿನ್ನು ಓಡಸೋರೆಲ್ಲಾ ಇದೇ ನಿಯಮ ಇಟ್ಟುಕೋತಾರ.

ನೀರಿನ ಬಗ್ಗಿನೂ ಅವರದೇ ಮಾತು ನಡೀತು. ನಮ್ಮ ಬೋರಿನ ನೀರು ಗಡಸು, ಕೆಟ್ಲಿ ತಳದಾಗ ಬಿಳಿ ಸುಣ್ಣ ಕುಂದರತದ. ಬಾಯ್ಲರಿನಾಗ ಕುಂತ್ರ ಉರಿ ಕಾವು ನೀರಿಗಿ ಮುಟ್ಟೂದಿಲ್ಲ, ತಾಮ್ರ ಸುಡತದ. ದೊಡ್ಡ ಇಂಜಿನ್ನಿನವರೂ ಇದೇ ಕಾರಣಕ್ಕ ಆಗಾಗ ಬಾಯ್ಲರ್ ತೊಳಿತಿದ್ರು. ಮಳಿಗಾಲದಾಗ ಒಂದು ಬಿಂದಗಿ ಮಳಿ ನೀರು ಹಿಡದು ಸೋಸಿ ಇಡೋದು ಆವಾಗಿಂದ ರೂಢಿ ಆಗ್ಯದ.

ಅಷ್ಟಾದ್ರೂ ಇಂಜಿನ್ನು ನಾಕು ಸುತ್ತಿನ ಮ್ಯಾಲ ಓಡಲಿಲ್ಲ. ಉಗಿ ಕಮ್ಮಿ. 1829ರಾಗ ಇಂಗ್ಲೆಂಡಿನ ರೇನ್‌ಹಿಲ್‌ನಾಗ ಇಂಜಿನ್ನುಗಳ ಪಂದ್ಯ ಇಟ್ಟಿದ್ರು, 500 ಪೌಂಡ್ ಬಹುಮಾನ. ಗೆದ್ದದ್ದು ಸ್ಟೀಫನ್‌ಸನ್ನರ ರಾಕೆಟ್. ಅದು ಗೆದ್ದದ್ದು ಹ್ಯಾಂಗಂದ್ರ, ಬಾಯ್ಲರಿನ ಒಳಗ ಒಂದು ದಪ್ಪ ಕೊಳವಿ ಬದಲಿ 25 ತೆಳ್ಳನ್ನ ತಾಮ್ರದ ಕೊಳವಿ ಹಾಕಿದ್ರು, ಬೆಂಕಿ ಅವುಗಳೊಳಗ ಹಾದು ಹೋಗತಿತ್ತು. ದಪ್ಪ ರೊಟ್ಟಿ ಬೇಯಾಕ ಹೊತ್ತು ಹಿಡಿತದ, ತೆಳ್ಳಂದು ಲಗೂನ ಆಗತದ, ಅಷ್ಟೇ. ನಮ್ಮ ಗೇಣುದ್ದದ ಬಾಯ್ಲರಿನಾಗ 25 ಕೊಳವಿ ಎಲ್ಲಿಂದ ಬರಬೇಕು? ಮಾವನವ್ರು ತಿರುಗಾಮುರುಗಾ ಮಾಡಿದ್ರು. ಬಾಯ್ಲರಿನ ಹೊಟ್ಟಿ ಕೆಳಗ ಮೂರು ಸಣ್ಣ ಕೊಳವಿ ಬಗ್ಗಿಸಿ ಜೋಡಿಸಿ, ಅವುಗಳೊಳಗ ನೀರು, ಹೊರಗ ಉರಿ. ಪತ್ತಾರನಿಗಿ ಮತ್ತ ಕೆಲಸ, ಮತ್ತ ತಣ್ಣೀರಿನ ಪರೀಕ್ಷಾ. ಆಮ್ಯಾಲ ಬಾಯ್ಲರಿನ ಮೈಗಿ ಬಿದಿರಿನ ಸಣ್ಣ ಚಕ್ಕಿ ಸುತ್ತಿ ತಂತಿಲೆ ಬಿಗದ್ರು, ಕಾವು ಗಾಳಿಗಿ ಹೋಗದಂಗ. ರಾಕೆಟ್ಟಿನ ಕಾಲದಾಗೂ ಬಾಯ್ಲರಿಗಿ ಕಟಗಿ ಪಟ್ಟಿ ಸುತ್ತತಿದ್ರು. ನಾಕು ಸುತ್ತು ಹೋಗಿ ಹನ್ನೊಂದು ಸುತ್ತಾತು.

ಉಳದದ್ದು ಸುರಪುರ ಏರು. ಮಾಳಗಿ ಅಂದ್ರ ಮಳಿ ನೀರು ಹರಿಲಾಕ ಒಂದು ಕಡಿ ಇಳಕಲು ಇದ್ದೇ ಇರತದ. ನೋಡಿದ್ರ ಕಾಣೂದಿಲ್ಲ, ಇಂಜಿನ್ನಿಗಿ ಗೊತ್ತಾಗತದ. ಶಹಾಪುರದಿಂದ ಸುರಪುರಕ್ಕ ಹೋಗೋವಾಗ ಏದುಸಿರು ಬಿಟ್ಟು ನಿಂದ್ರತಿತ್ತು. ಮಾವನವ್ರು ಇನ್ನೊಂದು ಸಿಲಿಂಡರ್ ಕೂಡಿಸಬೇಕು ಅಂತ ಆರು ತಿಂಗಳ ತಲಿ ಕೆಡಿಸಿಕೊಂಡ್ರು. ನಾನು ಅವರಿಗಿ ಭೋರ್ ಘಾಟಿನ ಸಂಗತಿ ಓದಿ ಹೇಳಿದೆ. ಮುಂಬಯಿಯಿಂದ ಪುಣೆ ಕಡಿ ರೈಲು ಘಾಟ್ ಏರಬೇಕು, 37 ಅಡಿಗಿ ಒಂದು ಅಡಿ ಏರು. ಇಂಜಿನ್ನಿನ ಶಕ್ತಿ ಒಂದನ್ನೇ ನಂಬಲಿಲ್ಲ. 25 ಸುರಂಗ ಕೊರದು, ನಡುವ ಒಂದು ಕಡಿ ಗಾಡಿ ನಿಲ್ಲಿಸಿ ದಿಕ್ಕು ಬದಲಿಸಿ ಹಿಂದ ಮುಂದ ಮಾಡಿ ಹತ್ತಿಸಿ, 1863ರಾಗ ದಾರಿ ತೆಗದ್ರು. ಸಾವಿರಾರು ಕೂಲಿಗೇರು ಆ ಕೆಲಸದಾಗ ಸತ್ತಾರ, ಅದನ್ನೂ ಮರಿಬಾರದು. ಮಾವನವ್ರು ಕೇಳಿ ಸುಮ್ಮನಾದ್ರು. ಮರುದಿನ ಇಟ್ಟಂಗಿ ಚೂರು, ಫರಸಿ ತುಂಡು ಕೂಡಿಸಿಕೊಂಡು ಹಳಿ ಕೆಳಗ ಇಡಲಾಕ ಹತ್ತಿದ್ರು. ಬಟ್ಟಲದಾಗ ಪಾದರಸದ ಬದಲಿ ನೀರು ಇಟ್ಟು ಮಟ್ಟ ನೋಡಿದ್ದು. ಇಂಜಿನ್ನಿಗಿ ಕೈ ಹಚ್ಚಲಿಲ್ಲ, ಏರು ಹೋತು. ತಿರುವು ಬಿಗಿ ಇದ್ದಲ್ಲಿ ಹಳಿ ಅಗಲ ಸುತ್ತಿಗಿ ಹಾಕಿದ್ರು. ಆವಾಗ ಹತ್ತೊಂಬತ್ತು ಸುತ್ತು, ಹನ್ನೆರಡು ನಿಮಿಷ.

ಗ್ವಾಲಿಯರ್ ಮಹಾರಾಜರ ಅರಮನ್ಯಾಗ ಊಟದ ಟೇಬಲ್ಲಿನ ಮ್ಯಾಲ ಬೆಳ್ಳಿ ರೈಲು ಅದ, ಊಟ ಆದ ಮ್ಯಾಲ ಅತಿಥಿಗಳ ಮುಂದ ಸಿಗಾರು, ಪಾನಕ ಬಾಟ್ಲಿ ಹೊತ್ಕೊಂಡು ಬರತಿತ್ತು, ಬಾಟ್ಲಿ ಎತ್ತಿದ್ರ ನಿಲ್ಲತಿತ್ತು. ಅದನ್ನ ಕೇಳಿ ಅತ್ತಿಯವ್ರು ನಮ್ಮ ಗಾಡಿಗೂ ಒಂದು ಡಬ್ಬಿ ಹಚ್ಚಿಸಿದ್ರು. ಅದರಾಗ ಶೇಂಗಾ ಹಿಂಡಿ. ಅದಕ್ಕ ಹಿಂಡಿ ಗಾಡಿ ಅಂತ ಹೆಸರು. ಮೂರು ಚಮಚದ ಮ್ಯಾಲ ಹಾಕಿದ್ರ ಎಳಿಯೂದಿಲ್ಲ.

ಮಾವನವ್ರು 2021ರಾಗ ಹೋದ್ರು. ಕಡಿ ಕಡಿಗಿ ಕೈ ನಡಗತಿದ್ವು. ಬತ್ತಿ ನಾನು ಹಚ್ಚತಿದ್ದೆ, ನೀರು ಅತ್ತಿಯವ್ರು, ಅವರು ಖುರ್ಚಿ ಹಾಕ್ಕೊಂಡು ನಾರಾಯಣಪುರ ಸ್ಟೇಷನ್ ಹತ್ರ ಕುಂದರತಿದ್ರು.

ಹೋದ ತಿಂಗಳ ಮಗ ಬಂದಿದ್ದ. ಅದೇ ನಾಕು ವರ್ಷದ ಹುಡುಗ, ಈಗ ಇಂಜಿನಿಯರಿಂಗ್ ಮುಗಿಸ್ಯಾನ. "ಅವ್ವ, ಇದಕ್ಕ ಸಣ್ಣ ಮೋಟರ್, ಬ್ಯಾಟರಿ ಹಾಕೂಣು. ಸ್ಪಿರಿಟ್ ಕಾಟ ಇಲ್ಲ, ಉರಿ ಅಂಜಿಕಿ ಇಲ್ಲ, ದಿನಾ ಓಡಸಬಹುದು" ಅಂದ. ಅವನ ಮಾತಿನ್ಯಾಗೂ ನ್ಯಾಯ ಅದ. ದೊಡ್ಡ ರೈಲ್ವೆದವರೂ ಅದನ್ನೇ ಮಾಡಿದ್ದು. ಚಿತ್ತರಂಜನ್ ಕಾರ್ಖಾನಿಯ ಕಡಿ ದೊಡ್ಡ ಹಳಿ ಉಗಿ ಇಂಜಿನ್ನು 1970ರಾಗ ಹೊರಗ ಬಂತು, ಅಂತಿಮ್ ಸಿತಾರಾ ಅಂತ ಹೆಸರಿಟ್ರು. 1995ಕ್ಕ ದೊಡ್ಡ ಹಳಿ ಮ್ಯಾಲ ದಿನದ ಉಗಿ ಗಾಡಿ ನಿಂತೇಬಿಟ್ಟವು. ಈಗ ನೋಡಬೇಕಂದ್ರ ಮೈಸೂರು, ಹುಬ್ಬಳ್ಳಿ ಮ್ಯೂಸಿಯಂಗಿ ಹೋಗಬೇಕು. ಮೈಸೂರಿಂದು 1979ರಾಗ ಶುರು ಆದದ್ದು. ಅಲ್ಲಿ ಮಹಾರಾಣಿಯವರ ಡಬ್ಬಿ ಅದ, 1899ರದು, ಒಳಗ ಅಡಗಿಮನಿ ಸೈತ ಅದ. ಹೋದ್ರ ನೋಡ್ಕೊಂಡು ಬರ್ರಿ.

ನಾನು ಏನು ಹೇಳಬೇಕೋ ತಿಳಿಲಿಲ್ಲ. ಅತ್ತಿಯವ್ರು ಹೊಸ್ತಿಲದಾಗ ಕುಂತು ಮೆಂತ್ಯಪಲ್ಯ ಸೋಸತಿದ್ರು. ತಲಿ ಎತ್ತದೆ ಅಂದ್ರು, "ಹಾಕ್ಲಿ ಬಿಡು. ಮೋಟರ್ ಹಾಕಿದ ಮ್ಯಾಲ ಬಾಯ್ಲರ್ ಬೇಕಾಗೂದಿಲ್ಲ. ನನ್ನ ತವರಮನಿ ಮುಚ್ಚಳ ನನಗ ಕೊಟ್ಟುಬಿಡ್ರಿ."

ಮಗ ಮೋಟರನ್ನ ಬ್ಯಾರೆ ಒಂದು ತಗಡಿನ ಡಬ್ಬಿಗಿ ಹಾಕ್ಯಾನ. ಅದು ದಿನಾ ಓಡತದ, ಹುಡುಗರು ಆಡತಾವ. ಮುತ್ಯಾನ ಇಂಜಿನ್ನು ತಿಂಗಳಿಗೊಮ್ಮಿ, ಐತವಾರ ಸಂಜಿಕಿ, ಬಿಸಲು ಇಳದ ಮ್ಯಾಲ, ಉರಿ ಕಣ್ಣಿಗಿ ಕಾಣೋ ಹೊತ್ತಿನ್ಯಾಗ. ಹುಡುಗರು ಸುಣ್ಣದ ಗೆರಿ ಆಚಿಗಿ, ಹಸಿ ಧೋತರ ಬಕೀಟಿನ ಮ್ಯಾಲ. ವೈನಿ, ನೀವೂ ಬರ್ರಿ. ಒಂದು ಮಾತು ಮಾತ್ರ, ಅತ್ತಿಯವ್ರು ಮುಚ್ಚಳ ಎಣಿಸಿ ನೀರು ಹಾಕೋವಾಗ ಮಾತಾಡಿಸಬ್ಯಾಡ್ರಿ. ಲೆಕ್ಕ ತಪ್ಪಿದ್ರ ಎಲ್ಲಾ ಚೆಲ್ಲಿ ಮತ್ತ ಒಂದರಿಂದ ಶುರು ಮಾಡತಾರ.